ಹರಾಜಿಗೆ ಹೋದ ಅಜ್ಜಿಯ ಹೆಸರು

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಇದು ಊಹೆಯಲ್ಲ. ನಮ್ಮ ನರ್ಸರಿಗೆ ಬಂದ ಕೊನೆಯ ಮೇಲ್‌ನ ಪಕ್ಕದಲ್ಲಿ ಆ ಹೊತ್ತು ಈಗಲೂ ಹಾಗೆಯೇ ಕೂತಿದೆ. ಅರಸೀಕೆರೆ ಕಡೆಯ ರೈತರೊಬ್ಬರು ಐವತ್ತು ತೆಂಗಿನ ಸಸಿ ಕೇಳಿದ್ದರು. ಉತ್ತರ ಬರೆದು ಕಳಿಸಿದೆ. ಆಮೇಲೆ ಅವರಿಂದಲೂ ಮಾತಿಲ್ಲ, ಬೇರೆ ಯಾರಿಂದಲೂ ಇಲ್ಲ. ದಿನಕ್ಕೆ ಹತ್ತಾದರೂ ಬರುತ್ತಿದ್ದ ಕಡೆ ಮಧ್ಯಾಹ್ನದವರೆಗೆ ಒಂದೂ ಬರಲಿಲ್ಲ. ನೆಟ್ ಹೋಗಿರಬೇಕು ಎಂದುಕೊಂಡು ಸಸಿಗಳಿಗೆ ನೀರು ಬಿಟ್ಟೆ. ಊಟ ಮುಗಿಸಿ ಫೋನಿನಲ್ಲಿ ನಮ್ಮದೇ ವೆಬ್‌ಸೈಟ್ ತೆರೆದಾಗ ಅಲ್ಲಿ ಅಪ್ಪನ ಫೋಟೋ ಇರಲಿಲ್ಲ, ತೋಟ ಇರಲಿಲ್ಲ. ನೀಲಿ ಪುಟವೊಂದರ ನಡುವೆ ನಮ್ಮ ಅಜ್ಜಿಯ ಹೆಸರು, ಅದರ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ಈ ಹೆಸರು ಮಾರಾಟಕ್ಕೆ ಇರಬಹುದು ಎಂಬ ಸಾಲು.

ಅವ್ವನಿಗೆ ಓದಿ ಹೇಳಿದೆ. ಅವಳು ಮೊರದಲ್ಲಿದ್ದ ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ. "ಸತ್ತೋರ ಹೆಸರ್ನ ಯಾರೇ ತಗತಾರೆ? ತಗಂಡು ಏನ್ ಮಾಡ್ತಾರೆ?" ಎಂದಳು.

ಏನು ಮಾಡುತ್ತಾರೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ನೊಣವಿನಕೆರೆಯಿಂದ ಸ್ವಲ್ಪ ಒಳಗಿರುವ ನಮ್ಮ ತೋಟದ ಮರಗಳನ್ನು ನೆಟ್ಟವಳು ಅಜ್ಜಿ. ಅವುಗಳಲ್ಲಿ ಮೂವತ್ತೊಂದು ಮರಗಳನ್ನು ಅವಳೇ ಆರಿಸಿ ತಾಯಿ ಮರ ಎಂದು ಸುಣ್ಣದ ಪಟ್ಟಿ ಬಳಿದಳು. ಅಪ್ಪ ಅವಕ್ಕೆ ನಂಬರು ಹಾಕಿದರು. ಬಿತ್ತನೆ ಕಾಯನ್ನು ಅವುಗಳಿಂದ ಮಾತ್ರ ತೆಗೆಯುತ್ತೇವೆ. ಕೊಯ್ದ ಗೊನೆಯನ್ನು ಕೆಳಕ್ಕೆ ಕೆಡವದೆ ಹಗ್ಗ ಕಟ್ಟಿ ಇಳಿಸುತ್ತೇವೆ, ಬಿದ್ದರೆ ಒಳಗಿನ ಜೀವಕ್ಕೆ ಪೆಟ್ಟು. ಪ್ರತಿ ಸಸಿಗೂ ಒಂದು ಚೀಟಿ, ಚೀಟಿಯ ಮೇಲೆ ತಾಯಿ ಮರದ ನಂಬರು. ಸಸಿ ಕೊಂಡವರು ತಮ್ಮ ಬಾವಿಯದೋ ಬೋರಿನದೋ ಒಂದು ಕೊಡ ನೀರು ತಂದು ಆ ನಂಬರಿನ ಮರದ ಬುಡಕ್ಕೆ ಹಾಕಿ, ಆಮೇಲೆ ಸಸಿ ಎತ್ತಬೇಕು. ಅಜ್ಜಿ ಮಾಡಿದ ಕಟ್ಟಳೆ ಅದು. ನಾನು ಬಿ.ಎಸ್ಸಿ. ಮುಗಿಸಿ ಬಂದವಳು, ಮೊದಮೊದಲು ನಗುತ್ತಿದ್ದೆ. ಬಂದವರು ಮರವನ್ನು ಕಣ್ಣಾರೆ ನೋಡಲಿ, ಕಾಯಿ ಎಣಿಸಲಿ ಎಂಬುದೇ ಅದರ ಒಳಗುಟ್ಟು ಎಂದು ತಿಳಿಯಲು ವರ್ಷಗಳು ಹಿಡಿದವು.

ನಮ್ಮ ಕಡೆಯ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಇವತ್ತು ಕೊಟ್ಟ ಸಸಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವ ಹೊತ್ತಿಗೆ ರೈತನ ತಲೆಗೂದಲು ನೆರೆತಿರುತ್ತದೆ. ಅಲ್ಲಿಯವರೆಗೆ ಅವನ ಕೈಯಲ್ಲಿ ಇರುವುದು ಒಂದು ಹೆಸರು ಮಾತ್ರ. ನಮ್ಮ ನರ್ಸರಿಗೆ ಅಜ್ಜಿಯ ಹೆಸರನ್ನೇ ಇಟ್ಟಿದ್ದೆವು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಈಗಲೂ ಎಲ್ಲೆಂದರಲ್ಲಿ ಬರೆಯಲು ಕೈ ಹೆದರುತ್ತದೆ.

ಮರುದಿನ ಅಪ್ಪನ ಜೊತೆ ತಿಪಟೂರಿಗೆ ಹೋದೆ. ವೆಬ್‌ಸೈಟ್ ಮಾಡಿಕೊಟ್ಟವನು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಲಗ್ನಪತ್ರಿಕೆಯನ್ನೂ ಅಚ್ಚು ಹಾಕುತ್ತಿದ್ದ. ಒಳ್ಳೆಯವನೇ. ನಮ್ಮನ್ನು ನೋಡಿದ ಕೂಡಲೇ ಎದ್ದು ಕುರ್ಚಿ ಒರೆಸಿದ. ವಿಷಯ ಹೇಳಿದಾಗ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಪುಟ ತೆರೆದು ನೋಡಿದ.

"ಅಕ್ಕಾ, ಹೆಸರಿನ ಅವಧಿ ಮುಗ್ದೋಗೈತೆ. ವರ್ಷದ ದುಡ್ಡು ಕಟ್ಟಿ ಅಂತ ನೋಟೀಸು ನನ್ನ ಹಳೇ ಮೇಲ್‌ಗೆ ಬಂದಿರ್ತದೆ. ಆ ಮೇಲ್ ತೆಗಿಯಾಕೆ ಹಳೇ ಸಿಮ್ ಬೇಕು. ಆ ಸಿಮ್ ಈಗ ಇಲ್ಲ."

"ನಿಂಗ್ಯಾಕೆ ಬಂತು ನೋಟೀಸು? ಹೆಸರು ನಮ್ದಲ್ವಾ?" ಎಂದೆ.

ಅವನು ಅಪ್ಪನ ಮುಖ ನೋಡಿದ. ಆಗ ನನಗೂ ನೆನಪಾಯಿತು. ಇದೇ ಅಂಗಡಿಯಲ್ಲಿ, ಇದೇ ಕುರ್ಚಿಯಲ್ಲಿ ನಾನೂ ಕೂತಿದ್ದೆ. ಯಾರ ಹೆಸರಿನಲ್ಲಿ ಬರೆಸಲಿ ಎಂದು ಅವನು ಕೇಳಿದ್ದ. ಅಪ್ಪ, "ನಿಮ್ ಹೆಸರಲ್ಲೇ ಇರ್ಲಿ ಬುಡ್ರೀ, ಮಂಡೀಲಿ ನಮ್ ಕೊಬ್ಬರಿನ ಮಂಡಿಯೋರ ಹೆಸರಲ್ಲೇ ಅಲ್ವಾ ಕೂಗದು" ಎಂದಿದ್ದರು. ನಾವು ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿಸಿದ ಕೊಬ್ಬರಿಯನ್ನು ಮಂಡಿಗೆ ಇಳಿಸಿ ಬರುತ್ತೇವೆ, ಹರಾಜಿನಲ್ಲಿ ಅದಕ್ಕೆ ಮಂಡಿಯ ಹೆಸರು. ಅಪ್ಪನ ಅಪ್ಪನ ಕಾಲದಿಂದ ಒಬ್ಬರೂ ನಮಗೆ ಮೋಸ ಮಾಡಿರಲಿಲ್ಲ. ಹಾಗಾಗಿ ಹೆಸರು ಇನ್ನೊಬ್ಬರ ಹೆಸರಿನಲ್ಲಿರುವುದು ನಮಗೆ ಅಸಹಜ ಎನಿಸಲೇ ಇಲ್ಲ. ಓದಿದ ನಾನೂ ತಲೆಯಾಡಿಸಿ ಕಾಫಿ ಕುಡಿದಿದ್ದೆ.

"ಇನ್ನೊಂದೈತೆ ಅಕ್ಕಾ, ಬೈಬ್ಯಾಡಿ" ಎಂದ ಅವನು. "ಮೊದಲು ಬೇರೆ ಕಂಪನೀಲಿತ್ತು. ಹೊಸಬ್ರು ಒಬ್ರು ಮೊದಲ ವರ್ಷ ಅರ್ಧಕ್ಕರ್ಧ ಕಮ್ಮಿ ಅಂದ್ರು. ನಂದು ನಲವತ್ತು ಗಿರಾಕಿ ಹೆಸರು, ಎಲ್ಲಾ ಅಲ್ಲಿಗೆ ಹೊತ್ತಾಕ್ದೆ. ಹೆಸರಿನ ಬಾಲಾನೂ ಅವರ್ದೇ ಹೊಸದು ಹಾಕುಸ್ದೆ, ಚೆನ್ನಾಗಿ ಕಾಣ್ತದೆ ಅಂತ."

ಆ ಮಧ್ಯಾಹ್ನ ಅವನಿಂದಲೂ ಆಮೇಲೆ ವಕೀಲರೊಬ್ಬರಿಂದಲೂ ನಾನು ಕಲಿತದ್ದು ಇಷ್ಟು. ಇಂಟರ್ನೆಟ್ಟಿನ ಹೆಸರಿಗೆ ಚುಕ್ಕಿಯಾದ ಮೇಲೆ ಕಾಮ್ ಎಂಬಂಥ ಒಂದು ಬಾಲ ಇರುತ್ತದಲ್ಲ, ಒಂದೊಂದು ಬಾಲಕ್ಕೂ ಯಾರಿಗೆ ಯಾವ ಹೆಸರು ಎಂಬ ಮೂಲಪಟ್ಟಿ ಇಡುವ ಒಬ್ಬರಿರುತ್ತಾರೆ. ಆ ಪಟ್ಟಿಯಿಂದ ನಮಗೆ ಹೆಸರು ಕೊಡಿಸಿ ವ್ಯಾಪಾರ ಮಾಡುವ ಕಂಪನಿಗಳು ಬೇರೆ, ಒಂದರ ಮೇಲೊಂದು ಪೈಪೋಟಿ ನಡೆಸುವವು. ಅವುಗಳ ಕೈಕೆಳಗೆ ನಮ್ಮ ಜೆರಾಕ್ಸ್ ಅಂಗಡಿಯಂಥ ಏಜೆಂಟರು. ಪಟ್ಟಿ ಇಡುವವರು ಅಂಗಡಿ ಇಡಬಾರದು ಎಂಬ ಕಟ್ಟುಪಾಡು ಮೊದಲು ಬಲವಾಗಿತ್ತಂತೆ. ಹೊಸ ಬಾಲಗಳು ಬಂದಾಗ ಅದನ್ನು ಸಡಿಲಿಸಿದರಂತೆ. ಎರಡನ್ನೂ ಒಬ್ಬರೇ ಇಟ್ಟುಕೊಳ್ಳಬಹುದು, ಆದರೆ ಬೇರೆ ಅಂಗಡಿಗಳಿಗೆ ಭೇದ ಮಾಡಬಾರದು, ಪಟ್ಟಿಯ ಒಳಗುಟ್ಟನ್ನು ತಮ್ಮ ಅಂಗಡಿಗೆ ಹೇಳಬಾರದು ಎಂದು ಷರತ್ತು. ನಮ್ಮ ಹೆಸರಿನ ಬಾಲದ ಪಟ್ಟಿಯೂ ಅದನ್ನು ಮಾರುವ ಅಂಗಡಿಯೂ ಒಂದೇ ಮನೆಯವು. ಅವಧಿ ಮುಗಿದ ಹೆಸರುಗಳನ್ನು ಕೂಗುವ ಹರಾಜುಕಟ್ಟೆಯೂ ಅವರದೇ.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಅಂದ್ರೆ ತಕ್ಕಡಿ ಹಿಡಿಯೋನೇ ಕೊಬ್ಬರಿ ತಗಳೋನು ಅನ್ನು" ಎಂದರು.

"ಹಂಗೇನಿಲ್ಲ ಯಜಮಾನ್ರೇ, ರೂಲ್ಸು ಐತೆ."

"ರೂಲ್ಸು ತಕ್ಕಡೀಗೂ ಐತೆ ಕಣಪ್ಪ. ಅದ್ಕೇ ಮಾರ್ಕೆಟ್ನಲ್ಲಿ ಇಬ್ಬರೂ ಬೇರೆ ಬೇರೆ ನಿಂತಿರ್ತಾರೆ."

ಅವರು ಮೋಸ ಮಾಡಿದರು ಎನ್ನಲು ನನ್ನ ಬಳಿ ಸಾಕ್ಷಿಯಿಲ್ಲ. ಅವಧಿ ಮುಗಿದಿದ್ದು ನಮ್ಮ ತಪ್ಪಿನಿಂದ. ಆದರೆ ಮುಂದಿನ ದಿನಗಳಲ್ಲಿ ನಡೆದದ್ದು ಹೀಗೆ. ಹೆಸರನ್ನು ಬಿಡಿಸಿಕೊಳ್ಳಲು ಕೆಲವು ದಿನಗಳ ಗಡುವು ಇತ್ತು. ಹೆಸರು ಮಾರುವ ಅಂಗಡಿಯವರಿಗೆ ಬರೆದರೆ, ದಾಖಲೆಯಲ್ಲಿ ನಿಮ್ಮ ಹೆಸರಿಲ್ಲ, ಮಾಲೀಕರೇ ಬರೆಯಲಿ ಎಂದರು. ಜೆರಾಕ್ಸ್ ಅಂಗಡಿಯವನು ಬರೆದರೆ, ಹಳೆಯ ಮೇಲ್‌ನಿಂದಲೇ ಬರೆಯಿರಿ ಎಂದರು. ಮೂಲಪಟ್ಟಿಯವರಿಗೆ ಬರೆದರೆ, ನಾವು ಗಿರಾಕಿಗಳೊಂದಿಗೆ ವ್ಯವಹರಿಸುವುದಿಲ್ಲ, ಅಂಗಡಿಯವರನ್ನು ಕೇಳಿ ಎಂದರು. ಎರಡೂ ಉತ್ತರಗಳ ಕೆಳಗೆ ಒಂದೇ ಕಟ್ಟಡದ ವಿಳಾಸವಿತ್ತು. ಹೀಗೆ ಅಲೆದಾಡುತ್ತಿರುವಾಗಲೇ ಗಡುವು ಮುಗಿಯಿತು. ಅಜ್ಜಿಯ ಹೆಸರು ಹರಾಜಾಯಿತು. ಕೊಂಡವರು ಯಾರೆಂದು ನೋಡಲು ಹೋದರೆ, ಗೋಪ್ಯ ಎಂದು ಬರೆದಿತ್ತು.

ಫೋನು ಬಂದದ್ದು ಅದರ ಮರುದಿನ. ನಾನು ಮರಳಿನಲ್ಲಿ ಕಾಯಿ ಹೂಳುತ್ತಿದ್ದೆ. ಸೌಮ್ಯವಾದ ಗಂಡಸಿನ ದನಿ, ಶುದ್ಧ ಪೇಟೆ ಕನ್ನಡ.

"ಮೇಡಂ, ನಿಮ್ಮ ಹೆಸರು ನಮ್ಮ ಹತ್ತಿರ ಭದ್ರವಾಗಿದೆ. ಬೇಕಾದರೆ ಮಾತಾಡೋಣ."

ಯಾರು ನೀವು ಎಂದೆ.

"ಅವಸರವೇನಿಲ್ಲ. ಅಂದ ಹಾಗೆ, ನಿಮ್ಮ ತಂದೆಯವರ ಎದೆಯ ರಿಪೋರ್ಟ್ ಬಂದಿದೆ. ಗಾಬರಿಯಾಗುವಂಥದ್ದೇನಿಲ್ಲ. ಭಾರ ಎತ್ತಬಾರದು ಅಂತ ಬರೆದಿದ್ದಾರೆ, ನೋಡಿಕೊಳ್ಳಿ."

ಕೈಯಲ್ಲಿದ್ದ ಕಾಯಿಯನ್ನು ಮರಳಿನ ಮೇಲಿಟ್ಟು ಎದ್ದು ನಿಂತೆ. ತಿಂಗಳ ಹಿಂದೆ ಆಸ್ಪತ್ರೆಯಲ್ಲಿ ನಾನು ಕೊಟ್ಟ ವಿಳಾಸ ಅಜ್ಜಿಯ ಹೆಸರಿನ ಆ ಮೇಲ್‌ನದು. ಹೆಸರು ಯಾರದೋ ಅಂಚೆಯೂ ಅವರದೇ ಎಂದು ನನಗೆ ಹೊಳೆದೇ ಇರಲಿಲ್ಲ. ಒಂಬತ್ತು ನಲವತ್ತರ ನಂತರ ನಮಗೆ ಬಂದ ಪ್ರತಿಯೊಂದನ್ನೂ ಯಾರೋ ಕೂತು ಓದಲು ಸಾಧ್ಯವಿತ್ತು. ಬ್ಯಾಂಕಿನದು, ಕರೆಂಟಿನದು, ಪಹಣಿಗೆ ಹಾಕಿದ ಅರ್ಜಿಯದು. ಆ ದಿನವೆಲ್ಲ ಒಂದೊಂದು ಕಡೆಗೂ ಹೋಗಿ ವಿಳಾಸ ಬದಲಿಸಿದೆ. ಅಪ್ಪನಿಗೆ ರಿಪೋರ್ಟಿನ ವಿಷಯ ಹೇಳಿದೆ, ಅದನ್ನು ಮೊದಲು ಓದಿದವರು ಯಾರೆಂದು ಹೇಳಲಿಲ್ಲ.

ಎರಡನೆಯ ಸಲ ಅವನು ಫೋನು ಮಾಡಿದಾಗ, ನಮ್ಮ ಹೆಸರನ್ನು ನಾವೇ ಕೊಂಡುಕೊಳ್ಳುವುದಿಲ್ಲ ಎಂದೆ. ಧೈರ್ಯವಾಗಿಯೇ ಹೇಳಿದೆ. "ಸರಿ ಮೇಡಂ, ನಿಮ್ಮಿಷ್ಟ" ಎಂದು ಇಟ್ಟ. ಬೈದಿದ್ದರೆ ಚೆನ್ನಾಗಿತ್ತು. ಆವತ್ತು ಹೂಂ ಅಂದಿದ್ದರೆ ಏನಾಗುತ್ತಿತ್ತು ಎಂದು ಅದೆಷ್ಟು ಸಲ ಲೆಕ್ಕ ಹಾಕಿದ್ದೇನೋ.

ಹತ್ತು ದಿನಗಳಾದ ಮೇಲೆ ನಮ್ಮ ವೆಬ್‌ಸೈಟ್ ಮತ್ತೆ ಎದ್ದಿತು. ಅದೇ ಫೋಟೋಗಳು. ಹನ್ನೆರಡನೆಯ ನಂಬರಿನ ತಾಯಿ ಮರಕ್ಕೆ ಕೈಯಿಟ್ಟು ನಿಂತ ಅಪ್ಪ. ಮರಳಿನ ಮಡಿಗಳ ನಡುವೆ ಬಾಗಿದ ಅವ್ವನ ಬೆನ್ನು. ಹಳೆಯ ಪುಟಗಳ ನಕಲು ಇಂಟರ್ನೆಟ್ಟಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದಂತೆ, ಒಂದಕ್ಷರ ಬಿಡದೆ ಎತ್ತಿಕೊಂಡಿದ್ದರು. ಫೋನ್ ನಂಬರು ಮಾತ್ರ ಬೇರೆ. ನಾನು ಆ ನಂಬರಿಗೆ ಮಾಡಿದೆ, ಯಾರೂ ಎತ್ತಲಿಲ್ಲ. ಅಪ್ಪ ಫೋನನ್ನು ದೂರ ಹಿಡಿದು ತಮ್ಮದೇ ಮುಖವನ್ನು ಬಹಳ ಹೊತ್ತು ನೋಡಿದರು. "ನಾನೇ ಮಾರ್ತಾ ಇದೀನಿ ನೋಡು, ನಂಗೇ ಗೊತ್ತಿಲ್ದಂಗೆ" ಎಂದರು. ನಕ್ಕರೇನೋ ಎಂದು ನೋಡಿದೆ, ನಕ್ಕಿರಲಿಲ್ಲ.

ತುಮಕೂರಿನ ವಕೀಲರೊಬ್ಬರು ದಾರಿ ತೋರಿಸಿದರು. ಹೆಸರಿನ ತಕರಾರುಗಳಿಗೆಂದೇ ಒಂದು ದೂರಿನ ಪದ್ಧತಿ ಇದೆ, ಪಟ್ಟಿಯವರೂ ಅಂಗಡಿಯವರೂ ಅದಕ್ಕೆ ತಲೆಬಾಗಲೇಬೇಕು. ಸಸಿಯ ಚೀಟಿಯ ಮೇಲೆ ಅಚ್ಚಾಗುವ ಅಜ್ಜಿಯ ಹೆಸರನ್ನು ಅಪ್ಪ ಹಿಂದೊಮ್ಮೆ ಕೃಷಿ ಅಧಿಕಾರಿಯೊಬ್ಬರ ಮಾತು ಕೇಳಿ ಟ್ರೇಡ್‌ಮಾರ್ಕ್ ಎಂದು ನೋಂದಣಿ ಮಾಡಿಸಿದ್ದರು. ಅದೊಂದೇ ನಮ್ಮ ಕೈಹಿಡಿದ ಕಾಗದ. ದೂರು ಹೋಯಿತು. ಕಾಯುವುದು ಶುರುವಾಯಿತು.

ಕಾಯುತ್ತಿರುವಾಗಲೇ ಚಿಕ್ಕನಾಯಕನಹಳ್ಳಿ ಕಡೆಯ ರೈತನೊಬ್ಬ ಬೈಕಿನಲ್ಲಿ ಒಂದು ಸಸಿ ಕಟ್ಟಿಕೊಂಡು ಅಂಗಳಕ್ಕೆ ಬಂದು ನಿಂತ. ಚಪ್ಪಲಿ ಕೂಡ ಬಿಡಲಿಲ್ಲ.

"ಏನ್ ಯಜಮಾನ್ರೇ, ಚೀಟಿ ಮೇಲೆ ಮರದ ನಂಬರೇ ಇಲ್ಲ. ನಿಮ್ ಮನೇಲಿ ಸುಣ್ಣ ಖಾಲಿಯಾಯ್ತಾ?"

ಅಪ್ಪ ಸಸಿಯ ಗರಿಯನ್ನು ಮಗುಚಿ ನೋಡಿದರು. ಅಡಿಯಲ್ಲಿ ಬಿಳಿ ಹಿಟ್ಟಿನಂಥ ಸುರುಳಿಗಳು, ಬಿಳಿ ನೊಣದ ಮೊಟ್ಟೆ. ಬುಡ ಹೆಬ್ಬೆರಳಿನಷ್ಟೂ ದಪ್ಪವಿರಲಿಲ್ಲ. ಯಾವ ಸೀಮೆಯ ಯಾವ ಮರದ ಕಾಯೋ. "ಇದು ನಮ್ದಲ್ಲಪ್ಪ" ಎಂದರು.

"ಹೆಸರು ನಿಮ್ದು, ಫೋಟೋ ನಿಮ್ದು, ಸಸಿ ಮಾತ್ರ ನಿಮ್ದಲ್ವಾ?"

ಅವನನ್ನು ಕೂರಿಸಿ ಅವ್ವ ಮಜ್ಜಿಗೆ ಕೊಟ್ಟಳು. ಸಸಿ ತಂದ ಗಾಡಿ ಅವನ ಊರಿಗೆ ಮೊದಲು ಬಂದಿತ್ತಂತೆ. ಡ್ರೈವರನ ಚೀಟಿಯಲ್ಲಿ ಏಳು ಊರುಗಳಿದ್ದವಂತೆ. ತನ್ನದೂ ಸೇರಿ ಆರು ಅವನಿಗೆ ನೆನಪಿದ್ದವು. ಏಳನೆಯದು, ಎಷ್ಟು ಕೇಳಿದರೂ, ನೆನಪಿರಲಿಲ್ಲ.

ಏಳು ವರ್ಷಗಳಾದ ಮೇಲೆ ಏಳು ತೋಟಗಳಲ್ಲಿ ಕಾಯಿ ಕಟ್ಟದ ಮರಗಳು, ಅವುಗಳ ನೆರಳಿನಲ್ಲಿ ಅಜ್ಜಿಯನ್ನು ಬೈಯುತ್ತಾ ನಿಂತ ಜನ. ಕಣ್ಣು ಮುಚ್ಚಿದರೆ ಇದೇ ಕಾಣುತ್ತಿತ್ತು. ಅಪ್ಪನಿಗೂ ಅದೇ ಕಂಡಿರಬೇಕು. "ಎಲ್ಲಾ ಕಿತ್ತಾಕಿ ನಮ್ದು ನೆಟ್ಟು ಬರಾನ" ಎಂದರು. ನಾನು ಡಾಕ್ಟರ ಮಾತು ನೆನಪಿಸಿದೆ. "ಸಸಿ ಭಾರ ಅಲ್ಲ ಕಣವ್ವ" ಎಂದರು.

ಗೂಡ್ಸ್ ಗಾಡಿಯಲ್ಲಿ ಸಸಿ ತುಂಬಿಕೊಂಡು ಊರಿಂದೂರಿಗೆ ಹೋದೆವು. ಕೆಲವರು ನಂಬಿದರು. ಅರಳಗುಪ್ಪೆಯ ಹತ್ತಿರದ ತೋಟವೊಂದರಲ್ಲಿ ಅಣ್ಣ ತಮ್ಮ ಇಬ್ಬರು ನಂಬಲಿಲ್ಲ. ತಮ್ಮ ನಮ್ಮ ಗಾಡಿಯ ಕೀ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ. ಅಣ್ಣನ ಕೈಯಲ್ಲಿ ಮಚ್ಚಿತ್ತು. ಗರಿ ಸವರುತ್ತಿದ್ದವನು ಹಾಗೆಯೇ ಬಂದದ್ದು, ನಮಗಾಗಿ ಹಿಡಿದದ್ದಲ್ಲ ಎಂದು ಈಗ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಅದರ ಅಲುಗಿನ ಮೇಲೆ ಹತ್ತಿದ್ದ ಹಸಿರು ನೀರು ಇವತ್ತಿಗೂ ಕಣ್ಣಮುಂದೆ ಬರುತ್ತದೆ.

"ಮೊದ್ಲು ಕಳ್ಳ ಸಸಿ ಕಳುಸೋದು, ಆಮೇಲೆ ದೊಡ್ಡ ಮನುಷ್ರಂಗೆ ಬರದು. ಇದ್ಯಾವ್ ಆಟ ಲಾ ಇದು?" ಎಂದ ತಮ್ಮ.

ಅಪ್ಪನನ್ನು ಅಲ್ಲಿಯವರೆಗೆ ಯಾರೂ ಹಾಗೆ ಏಕವಚನದಲ್ಲಿ ಲಾ ಎಂದು ಕರೆದಿರಲಿಲ್ಲ. ಅವರ ತುಟಿ ಬಿಳಿಚಿಕೊಂಡದ್ದು ನೋಡಿ ಎದೆಗೇನಾದರೂ ಆಯಿತೇ ಎಂದು ನಾನು ಹತ್ತಿರ ಓಡಿದೆ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ, ನಿಧಾನವಾಗಿ ಹೇಳಿದರು. "ಬೈಯದು ಇದ್ದೇ ಐತೆ, ಕೊನೇಲಿ ಬೈಯಪ್ಪ. ಈಗ ಒಂದು ಹಾರೆ ಕೊಡು. ಹೊತ್ತು ಏರ್ತಾ ಐತೆ."

ಯಾರೂ ಕೊಡಲಿಲ್ಲ. ಅಪ್ಪ ಕೂತು ಬರಿಗೈಯಲ್ಲೇ ಮೊದಲನೆಯ ಸಸಿಯ ಬುಡ ಕೆದಕತೊಡಗಿದರು. ಮೂರನೆಯ ಗುಂಡಿಗೆ ಬರುವ ಹೊತ್ತಿಗೆ ಅಣ್ಣ ಮಚ್ಚನ್ನು ಬದುವಿಗೆ ಸಿಕ್ಕಿಸಿ, "ಏಳ್ರೀ ಮೇಲೆ, ಉಗುರು ಕಿತ್ತೋಯ್ತದೆ" ಎಂದು ತಾನೇ ಹಾರೆ ಹಿಡಿದ. ಮಧ್ಯಾಹ್ನ ಅವರ ಮನೆಯಲ್ಲೇ ಮುದ್ದೆ ಉಂಡೆವು. ಕೀ ಕೊಡುವುದನ್ನು ಮರೆತು ತಮ್ಮ ಮಲಗಿಬಿಟ್ಟಿದ್ದ. ನಾವು ಜಗಲಿಯಲ್ಲಿ ಕೂತು ಅವನ ನಿದ್ದೆ ಮುಗಿಯಲಿ ಎಂದು ಕಾದೆವು.

ಆರು ತೋಟಗಳು ಮುಗಿದವು. ಕಿತ್ತ ಸಸಿಗಳನ್ನೆಲ್ಲ ಅಲ್ಲಲ್ಲೇ ಸುಟ್ಟೆವು. ದೂರಿನ ತೀರ್ಪೂ ಬಂತು. ಹೆಸರು ನಮಗೆ ಮರಳಲಿಲ್ಲ. ಆ ಪದ್ಧತಿಯಲ್ಲಿ ಮರಳಿಸುವುದಿಲ್ಲವಂತೆ, ಅವಧಿ ಮುಗಿಯುವವರೆಗೆ ಕಟ್ಟಿಹಾಕುತ್ತಾರಂತೆ. ವೆಬ್‌ಸೈಟ್ ತೆರೆದರೆ ಅಪ್ಪ ಇಲ್ಲ, ಮರ ಇಲ್ಲ, ತಡೆಹಿಡಿಯಲಾಗಿದೆ ಎಂಬ ಮಾತಷ್ಟೇ. ವಕೀಲರು ಅಭಿನಂದನೆ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಏಳನೆಯ ಊರು ಎಲ್ಲಿದೆ ಎಂದು ಗೊತ್ತಿರಲಿಲ್ಲ. ತುರುವೇಕೆರೆ, ದಂಡಿನಶಿವರ, ಎಲ್ಲಿ ಬಸ್ಸಿನಲ್ಲಿ ಹೋದರೂ ಕಿಟಕಿಯಿಂದ ಎಳೆಯ ಸಸಿಗಳ ಬುಡವನ್ನೇ ನೋಡುತ್ತಿದ್ದೆ. ಮಲಗಿದರೆ ಎರಡು ಗಂಟೆ, ಆಮೇಲೆ ಎಚ್ಚರ. ಪಕ್ಕದ ಕೋಣೆಯಲ್ಲಿ ಅಪ್ಪನ ಕೆಮ್ಮು ಕೇಳುತ್ತಿತ್ತು. ಅವರಿಗೂ ನಿದ್ದೆಯಿಲ್ಲ ಎಂದು ನನಗೆ ತಿಳಿಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಗೇಟಿನ ಬಳಿ ಆಟೋ ನಿಂತಿತು. ಅದರಿಂದ ಹಿರಿಯ ಹೆಂಗಸೊಬ್ಬರು ಇಳಿದರು. ಕೈಯಲ್ಲಿ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಕ್ಯಾನು. ದಂಡಿನಶಿವರದ ಆಚೆಯ ಊರು ಎಂದರು.

"ಅವ್ವಾ, ನಿಮ್ ಸಸಿ ತರಿಸಿ ನೆಟ್ಟು ತಿಂಗಳ ಮೇಲಾಯ್ತು ಕಣೇ. ಮಗ ಫೋನಾಗೆ ಓದಿ ಹೇಳ್ದ, ತಾಯಿ ಮರಕ್ಕೆ ನಿಮ್ಮ ಮನೆಯ ಒಂದು ಕೊಡ ನೀರು ಹಾಕಿ ಅಂತ ಬರ್ದವ್ರೆ ಅಂತ. ಗಾಡಿಯೋನು ಬಂದು ಇಳಿಸ್ಬುಟ್ಟು ಹೋದ, ನೀರು ಹಾಕಾದೇ ಆಗ್ಲಿಲ್ಲ. ಮನಸ್ಸಿಗೆ ಒಗ್ಗಲಿಲ್ಲ. ಯಾವ ಮರ ತೋರ್ಸು."

ನಾವು ಹುಡುಕುತ್ತಿದ್ದ ಏಳನೆಯ ಊರು ಇದೇ. ಒಂದಕ್ಷರ ಬಿಡದೆ ಕದ್ದವರು ಆ ಸಾಲನ್ನೂ ಬಿಟ್ಟಿರಲಿಲ್ಲ.

ಅಪ್ಪ ಅವರನ್ನು ಜಗಲಿಯ ಮೇಲೆ ಕೂರಿಸಿ, ನಡೆದದ್ದನ್ನು ಮೊದಲಿನಿಂದ ಹೇಳಿದರು. ನಮ್ಮ ತಪ್ಪನ್ನೂ ಬಿಡದೆ ಹೇಳಿದರು. ಆ ಹಿರಿಯ ಹೆಂಗಸು ಕೇಳಿಸಿಕೊಂಡು, "ಹಂಗಾದ್ರೆ ನನ್ ಸಸಿಗೆ ತಾಯಿ ಯಾರೂ ಅಂತಲೇ ಗೊತ್ತಿಲ್ವಾ?" ಎಂದಷ್ಟೇ ಕೇಳಿದರು.

"ಇಲ್ಲ ಕಣಕ್ಕ. ಇವತ್ತೇ ಬಂದು ಬದ್ಲು ಮಾಡ್ತೀವಿ."

ಸಸಿಗಳನ್ನು ಅವರೇ ಆರಿಸಿದರು. ಎಲ್ಲವೂ ಹನ್ನೆರಡನೆಯ ನಂಬರಿನವು. ಆ ಮರದ ಬುಡಕ್ಕೆ ಹೋಗಿ, ತಲೆಯೆತ್ತಿ ಗೊನೆಗಳನ್ನು ಒಂದೊಂದಾಗಿ ಎಣಿಸಿ, ಕ್ಯಾನಿನ ಮುಚ್ಚಳ ತೆಗೆದು ನೀರು ಸುರಿದರು. ಸಂಜೆಯೊಳಗೆ ಅವರ ತೋಟದ ಇಪ್ಪತ್ತು ಗುಂಡಿಗಳಲ್ಲೂ ನಮ್ಮ ಸಸಿಗಳಿದ್ದವು. ಕಿತ್ತವನ್ನು ಸುಟ್ಟ ಬೂದಿಯನ್ನು ಅಪ್ಪ ಕೋಲಿನಿಂದ ಕೆದಕಿ, ಕೆಂಡ ಉಳಿದಿಲ್ಲವೆಂದು ನೋಡಿ ಗಾಡಿ ಹತ್ತಿದರು.

ಕಟ್ಟಿಹಾಕಿದ ಆ ಹೆಸರಿನ ಅವಧಿ ಒಂದು ದಿನ ಮುಗಿಯುತ್ತದೆ. ಆ ದಿನ ಯಾರು ಕಾದು ಕೂತಿರುತ್ತಾರೋ ನನಗೆ ಗೊತ್ತಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ. ಹೊಸ ಹೆಸರೊಂದನ್ನು ಅಪ್ಪನ ಹೆಸರಿನಲ್ಲೇ, ಅಪ್ಪನ ಫೋನ್ ನಂಬರಿಗೇ ಬರೆಸಿದ್ದೇನೆ. ಅದರ ಬಾಲದ ಪಟ್ಟಿ ಇಡುವವರು ಬೇರೆ, ನಾವು ಕೊಂಡ ಅಂಗಡಿ ಬೇರೆ. ಕೇಳಿ ತಿಳಿದುಕೊಂಡೇ ಕೊಂಡದ್ದು.

ಆ ಭಾನುವಾರ ರಾತ್ರಿ ಉಂಡು ಮಲಗಿದವಳಿಗೆ ಮರುದಿನ ಎಚ್ಚರವಾದಾಗ ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಹಾಲಿನ ಡೈರಿಗೆ ಹೋಗಿ ಬಂದ ಅವ್ವ ಕ್ಯಾನು ತೊಳೆಯುತ್ತಿದ್ದಳು. ನನ್ನನ್ನು ನೋಡಿ ಬೆರಳನ್ನು ತುಟಿಯ ಮೇಲಿಟ್ಟು, ಅಪ್ಪನ ಕೋಣೆಯ ಕಡೆ ಕಣ್ಣು ತೋರಿಸಿದಳು. ಬಾಗಿಲು ಅರ್ಧ ತೆರೆದಿತ್ತು. ಅಪ್ಪ ಇನ್ನೂ ಗೊರಕೆ ಹೊಡೆಯುತ್ತಿದ್ದರು.